ರೀಸ್ಟಾರ್ಟ್ ಆದ ಮೇಲೆ ಬ್ಯಾಕಪ್ ಡಿಸ್ಕ್ ಕಾಣಿಸದಿದ್ದರೆ

ಪ್ರಶ್ನೆ: ತಿಪಟೂರಿನಲ್ಲಿ ಫೋಟೊ ಸ್ಟುಡಿಯೊ ಮತ್ತು ಡಿಟಿಪಿ ಕೇಂದ್ರ ನಡೆಸುತ್ತಿದ್ದೇನೆ. ವಿಂಡೋಸ್ 10 ಇರುವ ಡೆಸ್ಕ್‌ಟಾಪ್ ಕಂಪ್ಯೂಟರಿನ ಮುಂಭಾಗದಲ್ಲಿ ಒಂದು ಯುಎಸ್‌ಬಿ ಹಬ್ ಇದೆ. ಅದಕ್ಕೆ 2 ಟಿಬಿಯ ಪೋರ್ಟಬಲ್ ಹಾರ್ಡ್ ಡಿಸ್ಕನ್ನು ಯಾವಾಗಲೂ ಜೋಡಿಸಿಯೇ ಇಟ್ಟಿರುತ್ತೇನೆ. ಫೈಲ್ ಹಿಸ್ಟರಿ ಅದಕ್ಕೆ ಬ್ಯಾಕಪ್ ಮಾಡುತ್ತದೆ. ಕೆಲವು ತಿಂಗಳಿಂದ ಕಂಪ್ಯೂಟರ್ ರೀಸ್ಟಾರ್ಟ್ ಆದ ಮೇಲೆ ಡಿಸ್ಕ್ ಕಾಣಿಸುವುದಿಲ್ಲ, ಆದರೆ ಅದರ ದೀಪ ಉರಿಯುತ್ತಲೇ ಇರುತ್ತದೆ. ಕೇಬಲ್ ಕಿತ್ತು ಮತ್ತೆ ಹಾಕಿದರೆ ಬರುತ್ತದೆ. ಒಮ್ಮೆ ಮಾತ್ರ, ಡಿಸ್ಕನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು ಎಂಬ ಸಂದೇಶ ಬಂತು. ನಾನು ಕ್ಯಾನ್ಸಲ್ ಒತ್ತಿದೆ. ವೈರಸ್ ಇರಬಹುದು, ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಜಾಗ ಸಾಲದೆ ಹಳೆಯ ಮದುವೆಗಳ ಫೋಟೊಗಳನ್ನು ಕಂಪ್ಯೂಟರಿನಿಂದ ಅಳಿಸಿ ಇದೇ ಡಿಸ್ಕಿನಲ್ಲಿ ಇಟ್ಟಿದ್ದೇನೆ. ಏನು ಮಾಡಬೇಕು?

ಉತ್ತರ: ನೀವು ಕ್ಯಾನ್ಸಲ್ ಒತ್ತಿದ್ದು ಸರಿಯಾಯಿತು. ಸದ್ಯಕ್ಕೆ ಫಾರ್ಮ್ಯಾಟ್ ಮಾಡುವ ಮಾತೇ ಬೇಡ. ಡಿಸ್ಕ್ ಇದೆಯೆಂದು ವಿಂಡೋಸ್‌ಗೆ ಗೊತ್ತಾಗಿ, ಯಾವ ಫೈಲು ಅದರಲ್ಲಿ ಎಲ್ಲಿದೆ ಎಂಬ ಲೆಕ್ಕವಿರುವ ಭಾಗವನ್ನು ಮಾತ್ರ ಓದಲಾಗದೆ ಹೋದಾಗ ಆ ಸಂದೇಶ ಬರುತ್ತದೆ. ಓದಲಾಗದಿರುವುದಕ್ಕೆ ಸಡಿಲವಾದ ಕೇಬಲ್ ಕಾರಣವಿರಬಹುದು, ಸಾಲದ ವಿದ್ಯುತ್ ಕಾರಣವಿರಬಹುದು, ಡಿಸ್ಕಿನ ಮೇಲ್ಮೈ ಹಾಳಾಗತೊಡಗಿರುವುದೂ ಕಾರಣವಿರಬಹುದು. ಮೊದಲ ಎರಡು ಕಾರಣಗಳಲ್ಲಿ ನಿಮ್ಮ ಫೋಟೊಗಳು ಇದ್ದಲ್ಲೇ ಸುರಕ್ಷಿತವಾಗಿರುತ್ತವೆ, ಫಾರ್ಮ್ಯಾಟ್ ಮಾಡಿದರೆ ಮಾತ್ರ ಕೈತಪ್ಪುತ್ತವೆ. ಮೂರನೆಯದರಲ್ಲಿ ಫಾರ್ಮ್ಯಾಟ್‌ನಿಂದ ಯಾವ ಪ್ರಯೋಜನವೂ ಇಲ್ಲ. ವೈರಸ್ಸಿನ ಸಾಧ್ಯತೆ ನಿಮ್ಮ ವಿವರಣೆಗೆ ಹೊಂದುವುದಿಲ್ಲ, ಏಕೆಂದರೆ ವೈರಸ್ ಇದ್ದ ಡಿಸ್ಕ್ ಕೇಬಲ್ ಕಿತ್ತು ಹಾಕಿದ ಮಾತ್ರಕ್ಕೆ ಸರಿಹೋಗುವುದಿಲ್ಲ.

ಆದರೆ ನಿಮ್ಮ ಪತ್ರದ ಕೊನೆಯಲ್ಲಿ ನೀವು ಹಾಗೇ ಹೇಳಿಬಿಟ್ಟಿರುವ ಸಂಗತಿ ನನಗೆ ರೀಸ್ಟಾರ್ಟ್ ಸಮಸ್ಯೆಗಿಂತ ದೊಡ್ಡದಾಗಿ ಕಾಣುತ್ತದೆ. ಹಳೆಯ ಮದುವೆಗಳ ಫೋಟೊಗಳು ಈಗ ಈ ಒಂದೇ ಡಿಸ್ಕಿನಲ್ಲಿವೆ. ಹಾಗಿದ್ದ ಮೇಲೆ ಅದು ಬ್ಯಾಕಪ್ ಅಲ್ಲ, ಮೂಲ ಪ್ರತಿ. ಆ ಮೂಲ ಪ್ರತಿಗೆ ಬ್ಯಾಕಪ್ಪೇ ಇಲ್ಲ. ಆದ್ದರಿಂದ ದೋಷವನ್ನು ಹುಡುಕುವ ಮೊದಲು, ಡಿಸ್ಕ್ ಇನ್ನೂ ಓದಲು ಸಿಗುತ್ತಿರುವಾಗಲೇ, ಅದರಲ್ಲಿರುವುದನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು. ದೋಷಪರೀಕ್ಷೆಯೆಂದರೆ ಡಿಸ್ಕನ್ನು ಹತ್ತಾರು ಸಲ ಆರಿಸಿ ಹೊತ್ತಿಸುವುದು. ದುರ್ಬಲವಾಗಿರುವ ಡಿಸ್ಕಿಗೆ ಅದೇ ಅತ್ಯಂತ ಆಯಾಸದ ಕೆಲಸ.

ಅದಕ್ಕಾಗಿ ಕನಿಷ್ಠ ಅಷ್ಟೇ ಸಾಮರ್ಥ್ಯದ, ಸಾಧ್ಯವಾದರೆ 4 ಟಿಬಿಯ ಹೊಸ ಡಿಸ್ಕೊಂದನ್ನು ಕೊಳ್ಳಿ. ಹಳೆಯ ಡಿಸ್ಕನ್ನು ಹಬ್‌ನಿಂದ ಬಿಡಿಸಿ, ಕ್ಯಾಬಿನೆಟ್ಟಿನ ಹಿಂಭಾಗದಲ್ಲಿ, ಮದರ್‌ಬೋರ್ಡಿಗೆ ನೇರವಾಗಿ ಸೇರಿರುವ ಯುಎಸ್‌ಬಿ 3.0 ಪೋರ್ಟಿಗೆ ಹಾಕಿ. ಒಳಗಿನ ಪಟ್ಟಿ ನೀಲಿಯಾಗಿರುವುದು ಸಾಮಾನ್ಯವಾಗಿ ಅದರ ಗುರುತು. ಡಿಸ್ಕ್ ಕಾಣಿಸಿದ ಕೂಡಲೇ ಬೇರೇನನ್ನೂ ಮಾಡದೆ ನಕಲಿಗೆ ತೊಡಗಿ. ಎಲ್ಲವನ್ನೂ ಒಂದೇ ಸಲ ಎಳೆದು ಹಾಕುವುದಕ್ಕಿಂತ, ಗ್ರಾಹಕರಿಗೆ ಇನ್ನೂ ಆಲ್ಬಮ್ ಕೊಡಬೇಕಾಗಿರುವ ಫೋಲ್ಡರುಗಳನ್ನು ಮೊದಲು, ಬೇರೆಲ್ಲೂ ಸಿಗದ ಹಳೆಯವನ್ನು ಆಮೇಲೆ, ಮತ್ತೆ ತಯಾರಿಸಿಕೊಳ್ಳಬಹುದಾದ ಆಲ್ಬಮ್ ವಿನ್ಯಾಸಗಳನ್ನು ಕೊನೆಗೆ ನಕಲು ಮಾಡಿ. ಸೆಕೆಂಡಿಗೆ ಸುಮಾರು 100 ಎಂಬಿ ವೇಗ ಸಿಕ್ಕರೆ ತುಂಬಿದ 2 ಟಿಬಿ ಡಿಸ್ಕಿಗೆ ಐದೂವರೆ ಗಂಟೆ ಬೇಕಾಗುತ್ತದೆ. ಸಾವಿರಾರು ಸಣ್ಣ ಫೈಲುಗಳಿದ್ದರೆ ಇನ್ನೂ ಹೆಚ್ಚು. ವೇಗವು 35 ಎಂಬಿಯ ಆಸುಪಾಸಿನಲ್ಲೇ ನಿಂತಿದ್ದರೆ ಡಿಸ್ಕ್ ಯುಎಸ್‌ಬಿ 2.0 ಆಗಿ ಸೇರಿಕೊಂಡಿದೆ ಎಂದರ್ಥ. ಪೋರ್ಟ್ ನೀಲಿಯದಾಗಿದ್ದೂ ಹೀಗಾದರೆ ಕೇಬಲಿನ ಮೇಲೆ ಅನುಮಾನ ಪಡಿ, ಏಕೆಂದರೆ ಯುಎಸ್‌ಬಿ 3.0 ಕೇಬಲಿನಲ್ಲಿ ಹಳೆಯ ನಾಲ್ಕು ಸಂಪರ್ಕಗಳ ಜೊತೆಗೆ ವೇಗಕ್ಕೆಂದೇ ಇನ್ನೂ ಐದು ಇರುತ್ತವೆ, ಅವುಗಳಲ್ಲಿ ಒಂದು ಕೆಟ್ಟರೂ ಡಿಸ್ಕ್ ಹಳೆಯ ವೇಗಕ್ಕೆ ಇಳಿಯುತ್ತದೆ.

ಯಾವುದೋ ಒಂದು ಫೈಲಿನಲ್ಲಿ ನಕಲು ತಡವರಿಸಿ ನಿಂತರೆ ಅದನ್ನು ಬಿಟ್ಟು ಮುಂದಕ್ಕೆ ಹೋಗಿ. ವಿಂಡೋಸ್ ಜೊತೆಗೇ ಬರುವ ನಕಲು ಸಾಧನವಾದ ರೋಬೋಕಾಪಿಯನ್ನು ಬಳಸುವವರು ಅದರ ಮರುಪ್ರಯತ್ನದ ಮಿತಿಯನ್ನು ಒಂದಕ್ಕೆ ಇಳಿಸಿಕೊಳ್ಳಲೇಬೇಕು. ಹಾಗೇ ಬಿಟ್ಟರೆ ಅದು ಓದಲಾಗದ ಒಂದು ಫೈಲಿಗಾಗಿ ಮೂವತ್ತು ಸೆಕೆಂಡಿಗೊಮ್ಮೆ ಹತ್ತು ಲಕ್ಷ ಸಲದವರೆಗೆ ಪ್ರಯತ್ನಿಸುತ್ತದೆ. ಈ ಹಂತದಲ್ಲಿ, ಡಿಸ್ಕಿನ ದೋಷ ಹುಡುಕಿ ತಿದ್ದುವ ವಿಂಡೋಸ್ ಸಾಧನವಾದ ಚೆಕ್‌ಡಿಸ್ಕ್ ಓಡಿಸಬೇಡಿ. ದುರಸ್ತಿಯ ಆಯ್ಕೆ ಕೊಟ್ಟರೆ ಅದು ಫೈಲುಗಳ ಲೆಕ್ಕವನ್ನು ತನಗೆ ತೋಚಿದಂತೆ ತಿದ್ದಿ ಬರೆಯುತ್ತದೆ, ಕೆಟ್ಟ ಭಾಗಗಳನ್ನು ಹುಡುಕುವ ಆಯ್ಕೆ ಕೊಟ್ಟರೆ ಡಿಸ್ಕಿನ ಪೂರ್ತಿ ಮೇಲ್ಮೈಯನ್ನು ಗಂಟೆಗಟ್ಟಲೆ ಓದುತ್ತದೆ. ನಕಲು ಇಲ್ಲದ ಡಿಸ್ಕಿನ ಮೇಲೆ ಎರಡೂ ಅಪಾಯಕಾರಿ. ಆಂಟಿವೈರಸ್ಸಿನ ಪೂರ್ಣ ತಪಾಸಣೆ, ಫೈಲುಗಳ ತುಣುಕುಗಳನ್ನು ಜರುಗಿಸಿ ಜೋಡಿಸುವ ಡಿಫ್ರಾಗ್ ಕೂಡ ಬೇಡ. ಡಿಸ್ಕಿನಿಂದ ಟಿಕ್ ಟಿಕ್ ಎಂಬ ಲಯಬದ್ಧ ಸದ್ದು ಕೇಳಿಬಂದರೆ, ಇಲ್ಲವೇ ಅದು ತಿರುಗತೊಡಗಿ ಮತ್ತೆ ಮತ್ತೆ ನಿಲ್ಲುತ್ತಿದ್ದರೆ, ಅಲ್ಲಿಗೇ ಕೇಬಲ್ ಬಿಡಿಸಿಬಿಡಿ. ಒಳ್ಳೆಯ ಕೇಬಲ್, ಹಿಂಭಾಗದ ಪೋರ್ಟ್ ಎರಡೂ ಇದ್ದಾಗಲೂ ಆ ಸದ್ದು ಬರುತ್ತಿದ್ದರೆ ಮುಂದಿನದು ಡೇಟಾ ರಿಕವರಿ ಪ್ರಯೋಗಾಲಯದ ಕೆಲಸ, ನಿಮ್ಮದೂ ಅಲ್ಲ, ಬೀದಿಯ ರಿಪೇರಿ ಅಂಗಡಿಯದೂ ಅಲ್ಲ. ಡಿಸ್ಕನ್ನು ಬಿಚ್ಚಿಸಿ ಒಳಗಿನ ಭಾಗವನ್ನು ಬೇರೆ ಕೇಸಿಗೆ ಹಾಕಿಸುವ ಸಲಹೆಯೂ ಬಂದೀತು. ಈಗಿನ ಹಲವು ಪೋರ್ಟಬಲ್ ಡಿಸ್ಕುಗಳಲ್ಲಿ ಯುಎಸ್‌ಬಿ ಕಿಂಡಿ ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತದೆ, ಕೆಲವು ಡಿಸ್ಕುಗಳಲ್ಲಿ ಆ ಬೋರ್ಡೇ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸಿ ಬರೆದಿರುತ್ತದೆ. ಬೋರ್ಡ್ ಬೇರೆಯಾದರೆ ಅಂಥ ಡಿಸ್ಕಿನಲ್ಲಿರುವುದು ಯಾರಿಗೂ ಓದಲು ಬಾರದು.

ನಕಲು ಮುಗಿದು, ಅಲ್ಲಲ್ಲಿ ಒಂದೊಂದು ಫೋಟೊ ತೆರೆದು ನೋಡಿ, ಎರಡೂ ಕಡೆಯ ಫೈಲುಗಳ ಸಂಖ್ಯೆ ಮತ್ತು ಒಟ್ಟು ಗಾತ್ರವನ್ನು ಹೋಲಿಸಿದ ಮೇಲೆ ನೀವು ಕೇಳಿದ ಪ್ರಶ್ನೆಗೆ ಬರೋಣ.

ದೀಪ ಉರಿಯುತ್ತಿದೆ ಎಂಬುದರಿಂದ ತಿಳಿಯುವುದು ಡಿಸ್ಕಿಗೆ 5 ವೋಲ್ಟ್ ತಲುಪುತ್ತಿದೆ ಎಂಬುದಷ್ಟೇ. ಅಲ್ಲಿಂದ ಮುಂದೆ ಡಿಸ್ಕಿನ ಮೋಟಾರು ಪೂರ್ಣ ವೇಗಕ್ಕೆ ಬರಬೇಕು, ಕೇಸಿನೊಳಗಿನ ಯುಎಸ್‌ಬಿ ಬೋರ್ಡು ಕಂಪ್ಯೂಟರಿಗೆ ತನ್ನ ಪರಿಚಯ ಹೇಳಬೇಕು, ವಿಂಡೋಸ್ ಅದನ್ನು ಡಿಸ್ಕ್ ಎಂದು ಗುರುತಿಸಬೇಕು, ಅದರ ವಿಭಾಗವನ್ನು ಓದಬೇಕು, ಆ ವಿಭಾಗಕ್ಕೆ ಡಿ, ಇ ಎಂಬಂಥ ಒಂದು ಅಕ್ಷರ ಕೊಡಬೇಕು. ಇಷ್ಟೂ ಆದರೆ ಮಾತ್ರ ದಿಸ್ ಪಿಸಿಯಲ್ಲಿ ನಿಮಗೆ ಅದು ಕಾಣುತ್ತದೆ. ಈ ಸರಣಿ ಎಲ್ಲಿ ಮುರಿದಿದೆ ಎಂಬುದನ್ನು ಕಂಡುಕೊಳ್ಳುವ ಅವಕಾಶವನ್ನು ನೀವು ಪ್ರತಿಸಲ ಕೇಬಲ್ ಕಿತ್ತು ಕಳೆದುಕೊಳ್ಳುತ್ತಿದ್ದೀರಿ. ಮುಂದಿನ ಸಲ ಡಿಸ್ಕ್ ಕಾಣಿಸದಿದ್ದಾಗ ಕೇಬಲನ್ನು ಮುಟ್ಟದೆ, ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ.

ಡಿಸ್ಕ್ ಅಲ್ಲಿ ಆರೋಗ್ಯವಾಗಿದೆ ಎಂಬ ಗುರುತಿನೊಂದಿಗೆ ಕಾಣಿಸಿ ಅಕ್ಷರ ಮಾತ್ರ ಇಲ್ಲದಿದ್ದರೆ ನೀವು ಅದೃಷ್ಟವಂತರು. ಕಾರ್ಡ್ ರೀಡರ್, ಪೆನ್ ಡ್ರೈವ್, ನೆಟ್‌ವರ್ಕ್ ಫೋಲ್ಡರುಗಳನ್ನು ಹಾಕಿ ತೆಗೆಯುವ ಸ್ಟುಡಿಯೊಗಳಲ್ಲಿ ಅಕ್ಷರಗಳ ಗೊಂದಲ ಸಹಜವಾದದ್ದು. ವಿಭಾಗದ ಮೇಲೆ ಬಲ ಕ್ಲಿಕ್ ಮಾಡಿ, ಅಕ್ಷರಮಾಲೆಯ ಕೊನೆಯ ಕಡೆಯ ಒಂದು ಅಕ್ಷರವನ್ನು, ಎಕ್ಸ್ ಅಥವಾ ವೈ ಎಂದಿಟ್ಟುಕೊಳ್ಳಿ, ಕೊಟ್ಟುಬಿಡಿ. ಹೊಸದಾಗಿ ಬರುವ ಸಾಧನಗಳಿಗೆ ವಿಂಡೋಸ್ ಮೊದಲ ಅಕ್ಷರಗಳಿಂದ ಹಂಚುತ್ತ ಬರುವುದರಿಂದ ಅಲ್ಲಿ ಘರ್ಷಣೆ ಆಗುವುದು ಕಡಿಮೆ. ಡಿಸ್ಕ್ ಆಫ್‌ಲೈನ್ ಎಂದಿದ್ದರೆ ಬಲ ಕ್ಲಿಕ್ ಮಾಡಿ ಆನ್‌ಲೈನ್ ಮಾಡಬಹುದು. ಒಂದು ಡಿಸ್ಕಿನ ತದ್ರೂಪಿ ನಕಲನ್ನು ಅದರ ಪಕ್ಕದಲ್ಲೇ ಜೋಡಿಸಿದಾಗ, ಎರಡರ ಗುರುತಿನ ಸಂಖ್ಯೆ ಒಂದೇ ಆಗಿರುವುದರಿಂದ ಹೀಗಾಗುತ್ತದೆ. ಬೀಗದ ಚಿತ್ರ ಕಂಡರೆ ಡಿಸ್ಕಿಗೆ ಬಿಟ್‌ಲಾಕರ್ ಎಂಬ ವಿಂಡೋಸ್‌ನ ಗೂಢಲಿಪಿ ರಕ್ಷಣೆ ಇದೆ. ಅದಕ್ಕೆ ಪಾಸ್‌ವರ್ಡ್ ಅಥವಾ 48 ಅಂಕಿಗಳ ರಿಕವರಿ ಕೀ ಬೇಕು.

ಡಿಸ್ಕ್ ಇದೆ, ಆದರೆ ಅದರ ಮುಂದೆ ರಾ (ಫೈಲುಗಳ ಲೆಕ್ಕ ಓದಲಾಗಿಲ್ಲ) ಎಂದೋ ನಾಟ್ ಇನಿಷಿಯಲೈಸ್ಡ್ (ವಿಭಾಗಗಳ ಪಟ್ಟಿ ಸಿಕ್ಕಿಲ್ಲ) ಎಂದೋ ಬರೆದಿದೆ ಎಂದಾದರೆ ಕೈ ಹಿಂದಕ್ಕೆ ತೆಗೆದುಕೊಳ್ಳಿ. ಇನಿಷಿಯಲೈಸ್ ಮಾಡಲೇ ಎಂದು ಕೇಳುವ ಪೆಟ್ಟಿಗೆ ತಾನಾಗಿಯೇ ತೆರೆದುಕೊಂಡೀತು. ಅಲ್ಲಿ ಸರಿ ಎಂದು ಒತ್ತಿದರೆ ವಿಭಾಗಗಳ ಪಟ್ಟಿಯ ಜಾಗದಲ್ಲಿ ಖಾಲಿ ಪಟ್ಟಿಯನ್ನು ಬರೆದಂತಾಗುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡಿಸ್ಕ್ ಇಲ್ಲವೇ ಇಲ್ಲವೆಂದಾದರೆ ಡಿವೈಸ್ ಮ್ಯಾನೇಜರ್ ನೋಡಿ. ಅಲ್ಲಿ ಹಳದಿ ಗುರುತಿನ ಜೊತೆ ಅನ್‌ನೋನ್ ಯುಎಸ್‌ಬಿ ಡಿವೈಸ್ ಎಂದಿದ್ದು, ಅದರ ವಿವರದಲ್ಲಿ ಕೋಡ್ 43 ಇದ್ದರೆ, ಯಾವುದೋ ಸಾಧನ ತನ್ನ ಪರಿಚಯ ಹೇಳಲು ತೊಡಗಿ ಮಧ್ಯದಲ್ಲೇ ನಿಂತಿದೆ. ಏನೂ ಇಲ್ಲದಿದ್ದರೆ ಅದು ಮಾತನ್ನೇ ಆಡಿಲ್ಲ. ನಿಮ್ಮ ವಿವರಣೆಯಿಂದ ನನಗೆ ಅನ್ನಿಸುವುದು, ನಿಮ್ಮ ತೊಂದರೆ ಈ ಕೊನೆಯ ಎರಡರಲ್ಲಿ ಒಂದು.

ಈಗ ರೀಸ್ಟಾರ್ಟ್ ವಿಷಯ. ರೀಸ್ಟಾರ್ಟ್ ಮಾಡುವುದು, ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡುವುದು ಎರಡೂ ಒಂದೇ ಎಂದು ಬಹಳ ಜನ ತಿಳಿದಿದ್ದಾರೆ. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ಅವು ಬೇರೆ ಬೇರೆ. ಆಗ ಬಂದ ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ, ಶಟ್‌ಡೌನ್ ಒತ್ತಿದಾಗ ವಿಂಡೋಸ್‌ನ ತಿರುಳನ್ನೂ ಡ್ರೈವರುಗಳನ್ನೂ ಪೂರ್ತಿ ಮುಚ್ಚುವುದಿಲ್ಲ. ಅವುಗಳ ಆ ಕ್ಷಣದ ಸ್ಥಿತಿಯನ್ನು ಒಂದು ಫೈಲಿನಲ್ಲಿ ಬರೆದಿಟ್ಟುಕೊಂಡು, ಮರುದಿನ ಬೆಳಿಗ್ಗೆ ಅಲ್ಲಿಂದಲೇ ಮುಂದುವರಿಯುತ್ತದೆ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಮುಚ್ಚಿ ಹೊಸದಾಗಿ ತೊಡಗುತ್ತದೆ. ಹೀಗಾಗಿ ಸಾಫ್ಟ್‌ವೇರ್ ದೃಷ್ಟಿಯಿಂದ ರೀಸ್ಟಾರ್ಟೇ ಹೆಚ್ಚು ಶುದ್ಧವಾದ ಆರಂಭ. ವಿದ್ಯುತ್ತಿನ ದೃಷ್ಟಿಯಿಂದ ನೋಡಿದರೆ ಮಾತು ತಿರುಗುಮುರುಗಾಗುತ್ತದೆ: ರೀಸ್ಟಾರ್ಟ್ ಆಗುವಾಗ ಯುಎಸ್‌ಬಿ ಪೋರ್ಟಿನ 5 ವೋಲ್ಟ್ ಸಾಮಾನ್ಯವಾಗಿ ಕಡಿತವಾಗುವುದೇ ಇಲ್ಲ. ಕಂಪ್ಯೂಟರ್ ಹೊಸದಾಗಿ ಎದ್ದು ಕುಳಿತಿರುತ್ತದೆ, ಡಿಸ್ಕಿನ ಬೋರ್ಡು ಮಾತ್ರ ಹಳೆಯ ಸ್ಥಿತಿಯಲ್ಲೇ ಇರುತ್ತದೆ. ಹಳೆಯ ಸಂಭಾಷಣೆ ಅರ್ಧಕ್ಕೆ ನಿಂತು ಬೋರ್ಡು ಎಲ್ಲಾದರೂ ಸಿಕ್ಕಿಹಾಕಿಕೊಂಡಿದ್ದರೆ ಹೊಸ ಕರೆಗೆ ಅದು ಉತ್ತರಿಸುವುದಿಲ್ಲ. ಕೇಬಲ್ ಕಿತ್ತಾಗ ಅದಕ್ಕೆ ವಿದ್ಯುತ್ ತಪ್ಪಿ, ಮತ್ತೆ ಹಾಕಿದಾಗ ಅದೂ ಹೊಸದಾಗಿ ಆರಂಭವಾಗುತ್ತದೆ. ಆಗ ಡಿಸ್ಕ್ ಬರುತ್ತದೆ. ನೀವು ಹೇಳಿದ ಲಕ್ಷಣ ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ಇದನ್ನು ಖಚಿತಪಡಿಸಿಕೊಳ್ಳುವುದು ಹೀಗೆ. ಡಿಸ್ಕನ್ನು ಹಿಂಭಾಗದ ಪೋರ್ಟಿನಲ್ಲೇ ಬಿಟ್ಟು ಮೊದಲು ರೀಸ್ಟಾರ್ಟ್ ಮಾಡಿ ಫಲಿತಾಂಶ ಬರೆದುಕೊಳ್ಳಿ. ನಂತರ ಎಂದಿನಂತೆ ಶಟ್‌ಡೌನ್ ಮಾಡಿ ಆನ್ ಮಾಡಿ ನೋಡಿ. ಮೂರನೆಯದಾಗಿ, ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದುಕೊಂಡು ಶಟ್‌ಡೌನ್ ಆಯ್ದುಕೊಳ್ಳಿ, ಇದರಿಂದ ಫಾಸ್ಟ್ ಸ್ಟಾರ್ಟಪ್ ತಪ್ಪುತ್ತದೆ. ಬಳಿಕ ಯುಪಿಎಸ್‌ನಿಂದಲೇ ಕಂಪ್ಯೂಟರಿನ ವಿದ್ಯುತ್ತನ್ನು ಅರ್ಧ ನಿಮಿಷ ಕಡಿದು ಮತ್ತೆ ಕೊಡಿ. ವಿದ್ಯುತ್ ಕಡಿಯಬೇಕೆಂದು ಹೇಳುವುದಕ್ಕೆ ಕಾರಣವಿದೆ, ಏಕೆಂದರೆ ಎಷ್ಟೋ ಮದರ್‌ಬೋರ್ಡುಗಳು ಕಂಪ್ಯೂಟರ್ ಆರಿದ್ದಾಗಲೂ ಯುಎಸ್‌ಬಿ ಪೋರ್ಟುಗಳಿಗೆ ವಿದ್ಯುತ್ ಕೊಡುತ್ತಲೇ ಇರುತ್ತವೆ. ರಾತ್ರಿ ಅಂಗಡಿ ಮುಚ್ಚುವಾಗಲೂ ಡಿಸ್ಕಿನ ದೀಪ ಉರಿಯುತ್ತಿರುವುದನ್ನು ನೀವು ಗಮನಿಸಿದ್ದರೆ ನಿಮ್ಮದೂ ಅಂಥದ್ದೇ.

ಮೂರನೆಯ ರೀತಿಯಲ್ಲಿ ಡಿಸ್ಕ್ ತಪ್ಪದೆ ಬರುತ್ತಿದ್ದು, ರೀಸ್ಟಾರ್ಟಿನಲ್ಲಿ ಮಾತ್ರ ಬರದಿದ್ದರೆ, ಮೇಲೆ ಹೇಳಿದ ಕಾರಣ ಬಹುಮಟ್ಟಿಗೆ ಖಚಿತ. ಮದರ್‌ಬೋರ್ಡ್ ತಯಾರಕರ ಜಾಲತಾಣದಿಂದ ಚಿಪ್‌ಸೆಟ್ ಮತ್ತು ಯುಎಸ್‌ಬಿ ಡ್ರೈವರುಗಳನ್ನೂ, ಕಂಪ್ಯೂಟರ್ ಆನ್ ಆದಾಗ ಎಲ್ಲಕ್ಕಿಂತ ಮೊದಲು ನಡೆಯುವ ತಂತ್ರಾಂಶವಾದ ಬಯೋಸ್‌ನ ಹೊಸ ಆವೃತ್ತಿ ಇದ್ದರೆ ಅದನ್ನೂ ಹಾಕಿ ನೋಡಿ. ಬಯೋಸ್ ಬದಲಿಸುವ ಕೆಲಸವನ್ನು ಮಾತ್ರ ಯುಪಿಎಸ್ ಸರಿಯಾಗಿದ್ದಾಗ, ವಿದ್ಯುತ್ ಹೋಗುವ ಸೂಚನೆ ಇಲ್ಲದ ಹೊತ್ತಿನಲ್ಲಿ ಮಾಡಿ. ಇದರಿಂದಲೂ ಆಗದಿದ್ದರೆ, ತನ್ನದೇ ಅಡಾಪ್ಟರ್ ಇರುವ ಮತ್ತು ಪ್ರತಿ ಪೋರ್ಟಿಗೂ ಸ್ವಿಚ್ ಇರುವ ಹಬ್ ಹಾಕಿ, ರೀಸ್ಟಾರ್ಟ್ ಆದ ಮೇಲೆ ಸ್ವಿಚ್ ಒತ್ತುವುದು ಸರಳ ಉಪಾಯ. ಕೇಬಲ್ ಕೀಳುವುದಕ್ಕಿಂತ ಅದು ಎಷ್ಟೋ ಮೇಲು, ಏಕೆಂದರೆ ಪೋರ್ಟಬಲ್ ಡಿಸ್ಕಿನ ಅಗಲವಾದ ಚಪ್ಪಟೆ ಕಿಂಡಿ ಸವೆಯುವುದೇ ಹೀಗೆ ಪದೇ ಪದೇ ಕಿತ್ತು ಹಾಕುವುದರಿಂದ.

ಇದಕ್ಕೆ ವಿರುದ್ಧವಾಗಿ, ರೀಸ್ಟಾರ್ಟಿನಲ್ಲಿ ಬಂದು ಮಾಮೂಲಿ ಶಟ್‌ಡೌನ್ ಆದ ಮೇಲೆ ಬರದಿದ್ದರೆ ಫಾಸ್ಟ್ ಸ್ಟಾರ್ಟಪ್ ಕಾರಣ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಬಟನ್ ಏನು ಮಾಡಬೇಕೆಂದು ನಿರ್ಧರಿಸುವ ಪುಟಕ್ಕೆ ಹೋಗಿ ಅದರ ಗುರುತನ್ನು ತೆಗೆದುಹಾಕಿ. ಎಸ್‌ಎಸ್‌ಡಿ ಇರುವ ಕಂಪ್ಯೂಟರಿನಲ್ಲಿ ಇದರಿಂದ ಆಗುವ ವಿಳಂಬ ಕೆಲವೇ ಸೆಕೆಂಡು. ಹೊರಗಿನ ಡಿಸ್ಕುಗಳನ್ನು ಸದಾ ಬಳಸುವವರು ತೊಂದರೆ ಇಲ್ಲದಿದ್ದರೂ ಇದನ್ನು ತೆಗೆದಿಡುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಯಾವ ರೀತಿಯಲ್ಲೂ ಬರದಿದ್ದರೆ, ಅಥವಾ ಒಮ್ಮೆ ಬಂದು ಒಮ್ಮೆ ಬಾರದಿದ್ದರೆ, ವಿದ್ಯುತ್ ಮತ್ತು ಕೇಬಲಿನ ಕಡೆ ತಿರುಗಬೇಕು. ನಿಜ ಹೇಳಬೇಕೆಂದರೆ, ಹಬ್‌ನಿಂದ ಹಿಂಭಾಗದ ಪೋರ್ಟಿಗೆ ಬದಲಿಸಿದ ಮೊದಲ ದಿನವೇ ನಿಮ್ಮ ತೊಂದರೆ ಮಾಯವಾದರೂ ನನಗೆ ಆಶ್ಚರ್ಯವಿಲ್ಲ. ಪೋರ್ಟಬಲ್ ಡಿಸ್ಕಿಗೆ ಬೇರೆ ಅಡಾಪ್ಟರ್ ಇರುವುದಿಲ್ಲ. ಅದರ ಮೋಟಾರು ನಿಂತ ಸ್ಥಿತಿಯಿಂದ ತಿರುಗತೊಡಗುವ ಕೆಲವು ಸೆಕೆಂಡುಗಳಲ್ಲಿ ಸುಮಾರು 1 ಆಂಪಿಯರ್‌ವರೆಗೂ ಕರೆಂಟ್ ಎಳೆಯಬಹುದು. ನಿಯಮದ ಪ್ರಕಾರ ಯುಎಸ್‌ಬಿ 2.0 ಪೋರ್ಟು ಕೊಡಬೇಕಾದದ್ದು 500 ಮಿಲಿಆಂಪಿಯರ್, 3.0 ಪೋರ್ಟು 900. ತನ್ನದೇ ಅಡಾಪ್ಟರ್ ಇಲ್ಲದ ಹಬ್ ಆ ಒಂದೇ ಪೋರ್ಟಿನ ಪಾಲನ್ನು ತನ್ನ ಎಲ್ಲ ಕಿಂಡಿಗಳಿಗೂ ಹಂಚುತ್ತದೆ. ಪ್ರತಿ ಕಿಂಡಿಗೆ ಅದು ಖಾತರಿಯಾಗಿ ಕೊಡಬಲ್ಲದ್ದು 2.0 ಹಬ್‌ನಲ್ಲಿ 100, 3.0 ಹಬ್‌ನಲ್ಲಿ 150 ಮಿಲಿಆಂಪಿಯರ್ ಮಾತ್ರ. ವ್ಯವಹಾರದಲ್ಲಿ ಬಹಳಷ್ಟು ಹಬ್‌ಗಳು ಈ ಮಿತಿಯನ್ನು ಪಾಲಿಸದೆ ಬಂದಷ್ಟನ್ನು ದಾಟಿಸಿಬಿಡುವುದರಿಂದ ಹೇಗೋ ನಡೆದುಹೋಗುತ್ತದೆ. ಆದರೆ ಕಂಪ್ಯೂಟರ್ ಆನ್ ಆಗುವ ಕ್ಷಣದಲ್ಲಿ ಕೀಬೋರ್ಡು, ಮೌಸು, ಕಾರ್ಡ್ ರೀಡರು, ಮೊಬೈಲ್ ಚಾರ್ಜಿಂಗ್ ಎಲ್ಲವೂ ಒಟ್ಟಿಗೆ ಕೈಚಾಚಿದಾಗ ವೋಲ್ಟೇಜು ಕುಸಿದು ಡಿಸ್ಕಿನ ಪಾಲಿಗೆ ಏನೂ ಉಳಿಯದಂತಾಗುತ್ತದೆ. ಆಮೇಲೆ ನೀವು ಡಿಸ್ಕೊಂದನ್ನೇ ಕಿತ್ತು ಹಾಕಿದಾಗ ಬೇರೆ ಯಾವುದೂ ಆ ಹೊತ್ತಿನಲ್ಲಿ ಹೆಚ್ಚು ಎಳೆಯುತ್ತಿರುವುದಿಲ್ಲವಾದ್ದರಿಂದ ಅದು ಸಲೀಸಾಗಿ ಬರುತ್ತದೆ. ಹೊರನೋಟಕ್ಕೆ ಇದೂ ಬೋರ್ಡು ಸಿಕ್ಕಿಹಾಕಿಕೊಂಡಂತೆಯೇ ಕಾಣುತ್ತದೆ. ಎರಡನ್ನೂ ಬೇರ್ಪಡಿಸಲೆಂದೇ ಹಿಂಭಾಗದ ಪೋರ್ಟಿನಲ್ಲಿ ಪರೀಕ್ಷೆ ಮಾಡಿ ಎಂದದ್ದು. ಕ್ಯಾಬಿನೆಟ್ಟಿನ ಮುಂಭಾಗದ ಪೋರ್ಟುಗಳು ಒಳಗೆ ಇನ್ನೊಂದು ಉದ್ದ ಕೇಬಲಿನ ಮೂಲಕ ಮದರ್‌ಬೋರ್ಡಿಗೆ ಸೇರಿರುವುದರಿಂದ, ಹಬ್ ಇಲ್ಲದಿದ್ದರೂ ಅಲ್ಲಿ ವೋಲ್ಟೇಜು ಸ್ವಲ್ಪ ಇಳಿಯುತ್ತದೆ.

ಕೇಬಲನ್ನು ಪರೀಕ್ಷಿಸಲು ಇರುವ ದಾರಿ ಇನ್ನೊಂದು ಕೇಬಲ್ ಹಾಕಿ ನೋಡುವುದು ಮಾತ್ರ. ಗಿಡ್ಡದಾದ, ಗಟ್ಟಿಯಾಗಿ ಕೂರುವ ಕೇಬಲನ್ನು ಆರಿಸಿ. ಕಿಂಡಿಯಲ್ಲಿ ಕೇಬಲ್ ಅಲುಗಾಡಿಸಿದಾಗ ಡಿಸ್ಕ್ ಬಂದು ಹೋಗುವಂತಿದ್ದರೆ ಕೇಬಲ್ ಇಲ್ಲವೇ ಕಿಂಡಿಯೇ ಕಾರಣ. ಆದರೆ ಇದನ್ನು ಪರೀಕ್ಷೆಯೆಂದು ಬೇಕೆಂದೇ ಮಾಡಬೇಡಿ, ಬರೆಯುತ್ತಿರುವಾಗ ಸಂಪರ್ಕ ತಪ್ಪಿದರೆ ಫೈಲುಗಳ ಲೆಕ್ಕ ಕೆಡುತ್ತದೆ. ಡಿಸ್ಕ್ ಎಕ್ಸ್‌ಫ್ಯಾಟ್ ಮಾದರಿಯಲ್ಲಿದ್ದರೆ ಈ ಅಪಾಯ ಹೆಚ್ಚು, ಎನ್‌ಟಿಎಫ್‌ಎಸ್‌ನಲ್ಲಿ ಕಡಿಮೆ. ಎರಡನೆಯದು ತಾನು ಮಾಡಲಿರುವ ಬದಲಾವಣೆಯನ್ನು ಮೊದಲೇ ಬರೆದಿಟ್ಟುಕೊಳ್ಳುತ್ತದೆ.

ವಿದ್ಯುತ್ ಉಳಿತಾಯದ ಒಂದೆರಡು ಸೆಟ್ಟಿಂಗ್‌ಗಳೂ ಇವೆ. ಪವರ್ ಆಪ್ಷನ್ಸ್‌ನ ಮುಂದುವರಿದ ಪುಟದಲ್ಲಿ ಬಳಕೆಯಲ್ಲಿಲ್ಲದ ಸಾಧನವನ್ನು ಮಲಗಿಸುವ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಂಬುದನ್ನು ಡಿಸೇಬಲ್ ಮಾಡಿ. ಡಿವೈಸ್ ಮ್ಯಾನೇಜರಿನಲ್ಲಿ ಪ್ರತಿ ಯುಎಸ್‌ಬಿ ರೂಟ್ ಹಬ್ (ಕಂಪ್ಯೂಟರಿನೊಳಗೇ ಇರುವ ಹಬ್) ತೆರೆದು, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ಕಂಪ್ಯೂಟರ್ ಈ ಸಾಧನವನ್ನು ಆರಿಸಬಹುದು ಎಂಬ ಗುರುತನ್ನು ತೆಗೆಯಿರಿ. ಕಂಪ್ಯೂಟರನ್ನು ಬಿಟ್ಟು ಸ್ವಲ್ಪ ಹೊತ್ತಾದ ಮೇಲೆ, ಅಥವಾ ಅದು ಸ್ಲೀಪ್‌ನಿಂದ ಎದ್ದ ಮೇಲೆ ಡಿಸ್ಕ್ ಮಾಯವಾಗುವವರಿಗೆ ಇವು ನಿಜವಾಗಿ ಉಪಯುಕ್ತ. ರೀಸ್ಟಾರ್ಟ್ ಸಮಸ್ಯೆಗೆ ಇವುಗಳಿಂದ ಪರಿಹಾರ ಸಿಗುವುದು ಕಡಿಮೆ, ಹಾಗಿದ್ದೂ ಇವನ್ನೇ ಮೊದಲ ಮದ್ದೆಂದು ಎಲ್ಲರೂ ಸೂಚಿಸುತ್ತಾರೆ. ರೂಟ್ ಹಬ್ಬನ್ನು ಡಿಸೇಬಲ್ ಮಾಡಿ ಎನೇಬಲ್ ಮಾಡಿದರೆ ಕೇಬಲ್ ಕೀಳದೆಯೇ ಡಿಸ್ಕ್ ಬರುವುದುಂಟು. ನಿಮ್ಮ ಕೀಬೋರ್ಡು, ಮೌಸು ಅದೇ ಹಬ್ಬಿನಲ್ಲಿದ್ದರೆ ಡಿಸೇಬಲ್ ಮಾಡಿದ ಕ್ಷಣವೇ ಅವೂ ಸತ್ತು, ಮತ್ತೆ ಎನೇಬಲ್ ಮಾಡಲು ಕೈಯಲ್ಲಿ ಏನೂ ಇರುವುದಿಲ್ಲ ಎಂಬುದು ನೆನಪಿರಲಿ.

ಇಷ್ಟರ ಮೇಲೂ ಡಿಸ್ಕೇ ಸಾಯುತ್ತಿದೆಯೇ ಎಂಬ ಅನುಮಾನ ಉಳಿಯುತ್ತದೆ. ಅದನ್ನು ಊಹಿಸಬೇಕಾಗಿಲ್ಲ, ಕೇಳಬಹುದು. ಈವೆಂಟ್ ವ್ಯೂಯರ್ ತೆರೆದು, ವಿಂಡೋಸ್ ಲಾಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ, ಡಿಸ್ಕ್ ಕೈಕೊಟ್ಟ ಹೊತ್ತಿನ ದಾಖಲೆಗಳನ್ನು ನೋಡಿ. ಡಿಸ್ಕ್ ಎಂಬ ಮೂಲದಿಂದ ಬಂದ 7ನೇ ಸಂಖ್ಯೆಯ ದಾಖಲೆ ಕೆಟ್ಟ ಭಾಗ ಸಿಕ್ಕಿದೆಯೆಂದು ಹೇಳುತ್ತದೆ. 153 ಎಂದರೆ ಓದು ಬರಹವನ್ನು ಮತ್ತೆ ಪ್ರಯತ್ನಿಸಬೇಕಾಯಿತು. 157 ಎಂದರೆ ಡಿಸ್ಕ್ ಇದ್ದಕ್ಕಿದ್ದಂತೆ ಸಂಪರ್ಕ ಕಳೆದುಕೊಂಡಿತು. 157 ಮಾತ್ರ ಕಾಣುತ್ತಿದ್ದರೆ ನನ್ನ ಅನುಮಾನ ಕೇಬಲ್ ಮತ್ತು ವಿದ್ಯುತ್ತಿನ ಮೇಲೆ. 7 ಕಾಣಿಸಿದರೆ ಡಿಸ್ಕಿನ ಮೇಲೆ. ಇದರ ಜೊತೆಗೆ ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ದಾಖಲಿಸಿಕೊಳ್ಳುವ ಸ್ಮಾರ್ಟ್ ಎಂಬ ಪಟ್ಟಿ ಇರುತ್ತದೆ, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಅದನ್ನು ಯುಎಸ್‌ಬಿ ಮೂಲಕವೂ ಬಹುತೇಕ ಓದುತ್ತದೆ. ಅದರಲ್ಲಿ ನೀವು ನೋಡಬೇಕಾದದ್ದು ಮೂರು ಸಾಲು. 05 ಎಂಬುದು ಡಿಸ್ಕ್ ಈಗಾಗಲೇ ಕೈಬಿಟ್ಟು ಬದಲಿ ಜಾಗ ಕೊಟ್ಟಿರುವ ಸೆಕ್ಟರುಗಳ, ಅಂದರೆ ಡಿಸ್ಕಿನ ಸಣ್ಣ ತುಣುಕುಗಳ, ಸಂಖ್ಯೆ, ಸಿ5 ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವವು, ಸಿ6 ಸರಿಪಡಿಸಲಾಗದವು. ಮೂರರಲ್ಲೂ ಕೊನೆಯ ಕಾಲಮ್ಮಿನ ಬೆಲೆ ಸೊನ್ನೆಯಾಗಿರಬೇಕು. 05ರಲ್ಲಿ ಒಂದಿಷ್ಟು ಸಂಖ್ಯೆ ಇದ್ದು ವಾರಗಟ್ಟಲೆ ಬದಲಾಗದಿದ್ದರೆ ಅಷ್ಟು ಗಾಬರಿ ಬೇಡ. ಸಿ5 ಏರುತ್ತಿದ್ದರೆ, ಡಿಸ್ಕ್ ಇನ್ನೂ ನಡೆಯುತ್ತಿದ್ದರೂ ಅದನ್ನು ಕೆಲಸದಿಂದ ಬಿಡಿಸಬೇಕು. ನಿಮಗೆ ಒಮ್ಮೆ ಫಾರ್ಮ್ಯಾಟ್ ಸಂದೇಶ ಬಂದಿರುವುದರಿಂದ ಈ ಪಟ್ಟಿಯನ್ನು ನೋಡದೆ ಬಿಡಬೇಡಿ.

ಇನ್ನು ಮುಂದಿನ ವ್ಯವಸ್ಥೆಯ ಮಾತು. ಬ್ಯಾಕಪ್ ಡಿಸ್ಕನ್ನು ಹಗಲಿರುಳು ಜೋಡಿಸಿಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಒಳಗೆ ಬಂದರೆ, ಆ ಹೊತ್ತಿನಲ್ಲಿ ಜೋಡಿಸಿರುವ ಡಿಸ್ಕಿಗೂ ಬೀಗ ಬೀಳುತ್ತದೆ. ಮುಂಗಾರಿಗೆ ಮುನ್ನ ನಿಮ್ಮ ಕಡೆ ಗುಡುಗು ಸಿಡಿಲಿನ ಮಳೆ ಬರುವ ಏಪ್ರಿಲ್, ಮೇ ತಿಂಗಳುಗಳಲ್ಲಿ ತಂತಿಯ ಮೂಲಕ ಬರುವ ಹೊಡೆತಕ್ಕೆ ಕಂಪ್ಯೂಟರೂ ಬ್ಯಾಕಪ್ಪೂ ಒಟ್ಟಿಗೆ ಹೋಗಬಹುದು, ಯುಪಿಎಸ್ ಇದ್ದರೂ ಇದಕ್ಕೆ ಖಾತರಿ ಇಲ್ಲ. ಎರಡು ಡಿಸ್ಕ್ ಇಟ್ಟುಕೊಂಡು, ಒಂದನ್ನು ಸಂಜೆ ಕೆಲಸ ಮುಗಿಸುವಾಗ ಜೋಡಿಸಿ, ಬ್ಯಾಕಪ್ ಮುಗಿದ ಮೇಲೆ ಇಜೆಕ್ಟ್ ಮಾಡಿ ಬಿಡಿಸಿಡಿ, ಇನ್ನೊಂದನ್ನು ಮನೆಯಲ್ಲಿಡಿ, ವಾರಕ್ಕೊಮ್ಮೆ ಅದಲುಬದಲು ಮಾಡಿ. ಹೀಗೆ ಮಾಡಿದರೆ ರೀಸ್ಟಾರ್ಟ್ ಆಗುವ ಹೊತ್ತಿನಲ್ಲಿ ಡಿಸ್ಕೇ ಅಲ್ಲಿರುವುದಿಲ್ಲ.

ಫೈಲ್ ಹಿಸ್ಟರಿಯನ್ನೇ ಮುಂದುವರಿಸುವುದಾದರೆ ಅದು ಏನನ್ನು ಉಳಿಸುತ್ತಿದೆ ಎಂದು ಇಂದೇ ಪರಿಶೀಲಿಸಿ. ಅದು ತಾನಾಗಿ ನೋಡುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ವಿಡಿಯೋಸ್ ಮೊದಲಾದ ಫೋಲ್ಡರುಗಳನ್ನು ಮಾತ್ರ. ಮದುವೆಯ ಫೋಟೊಗಳನ್ನು ನೀವು ಡಿ ಡ್ರೈವಿನಲ್ಲಿ ಬೇರೆಯೇ ಫೋಲ್ಡರ್ ಮಾಡಿ ಇಡುತ್ತಿದ್ದರೆ, ಬಹುತೇಕ ಸ್ಟುಡಿಯೊಗಳಲ್ಲಿ ಹಾಗೆಯೇ ಇರುತ್ತದೆ, ಆ ಫೋಲ್ಡರನ್ನು ನೀವಾಗಿ ಸೇರಿಸದ ಹೊರತು ಅದು ಇದುವರೆಗೆ ಒಂದು ಸಲವೂ ಬ್ಯಾಕಪ್ ಆಗಿರಲಾರದು. ಗಂಟೆಗೊಮ್ಮೆ ನಕಲು ಮಾಡುವುದು ಅದರ ರೂಢಿ. ಸಂಜೆ ಮಾತ್ರ ಡಿಸ್ಕ್ ಜೋಡಿಸುವಾಗ ರನ್ ನೌ ಒತ್ತಿ ಕೈಯಾರೆ ಮಾಡಿಸಿ. ಜೊತೆಗೆ, ಹೊಸ ಕಾರ್ಯಕ್ರಮದ ಫೋಟೊಗಳು ಎರಡು ಕಡೆ ಸೇರುವವರೆಗೆ ಕ್ಯಾಮೆರಾದ ಮೆಮೊರಿ ಕಾರ್ಡನ್ನು ಅಳಿಸಬೇಡಿ.

ಹಳೆಯ ಡಿಸ್ಕನ್ನು ಏನು ಮಾಡಬೇಕೆಂಬುದು ಸ್ಮಾರ್ಟ್ ಪಟ್ಟಿಯನ್ನು ಅವಲಂಬಿಸಿದೆ. ಸಂಖ್ಯೆಗಳು ಚೆನ್ನಾಗಿದ್ದು, ಅದರಲ್ಲಿದ್ದುದೆಲ್ಲ ಬೇರೆ ಎರಡು ಕಡೆ ಇದೆಯೆಂದು ಖಚಿತವಾದ ಮೇಲೆ, ಕ್ವಿಕ್ ಫಾರ್ಮ್ಯಾಟ್ ಗುರುತನ್ನು ತೆಗೆದು ಪೂರ್ಣ ಫಾರ್ಮ್ಯಾಟ್ ಮಾಡಿ. ಅದು ಡಿಸ್ಕಿನ ಉದ್ದಕ್ಕೂ ಬರೆಯುವುದರಿಂದ ಗಂಟೆಗಟ್ಟಲೆ ಹಿಡಿಯುತ್ತದೆ. ಆನಂತರವೂ ಮೂರು ಸಾಲುಗಳು ಸೊನ್ನೆಯಲ್ಲೇ ಇದ್ದರೆ ಅದನ್ನು ಎರಡನೆಯ ಪ್ರತಿಗೆ ಬಳಸಬಹುದು. ಹಾಗಿಲ್ಲದೆ ವಾರಂಟಿ ಅವಧಿ ಉಳಿದಿದ್ದರೆ ಬದಲಿ ಡಿಸ್ಕ್ ಸಿಗುತ್ತದೆ, ಒಳಗಿನ ಫೋಟೊಗಳು ವಾರಂಟಿಗೆ ಸೇರುವುದಿಲ್ಲ. ಕೊಡುವ ಮೊದಲು, ಡಿಸ್ಕ್ ಇನ್ನೂ ಬರೆಸಿಕೊಳ್ಳುವ ಸ್ಥಿತಿಯಲ್ಲಿದ್ದರೆ, ಪೂರ್ಣ ಫಾರ್ಮ್ಯಾಟ್ ಮಾಡಿಯೇ ಕೊಡಿ, ಏಕೆಂದರೆ ಅದರಲ್ಲಿರುವುದು ಗ್ರಾಹಕರ ಮನೆಗಳ ಚಿತ್ರಗಳು. ವಾರಂಟಿಯೂ ಇಲ್ಲ, ಬರೆಸಿಕೊಳ್ಳುವುದೂ ಇಲ್ಲ ಎಂದಾದರೆ ಗುಜರಿಗೆ ಹಾಕುವ ಮುನ್ನ ಡ್ರಿಲ್ಲಿಂಗ್ ಮಷಿನ್‌ನಿಂದ ಒಳಗಿನ ತಟ್ಟೆಗಳ ಮೂಲಕ ಎರಡು ಮೂರು ತೂತು ಹಾಕಿಸಿ. ಕೆಲವು ಪೋರ್ಟಬಲ್ ಡಿಸ್ಕುಗಳಲ್ಲಿ ತಟ್ಟೆಗಳು ಗಾಜಿನವಾದ್ದರಿಂದ ಡ್ರಿಲ್ ತಗುಲಿದಾಗ ಚೂರು ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಇರಲಿ.